ಝೀನರ್ ವೋಲ್ಟೇಜ್ ಕುರಿತು ಒಂದು ಸ್ಪಷ್ಟನೆ

ಝೀನರ್ ಡಯೋಡ್ ಎಂದರೆ ವೋಲ್ಟೇಜನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹಿಡಿದಿಡುವ ಬಿಡಿಭಾಗ; ಅದರಲ್ಲಿ ಹರಿಯುವ ವಿದ್ಯುತ್ ಬದಲಾದಾಗ ವೋಲ್ಟೇಜ್ ಎಷ್ಟು ಬದಲಾಗುತ್ತದೆ ಎಂಬುದರ ಅಳತೆಯೇ ಡೈನಾಮಿಕ್ ರೆಸಿಸ್ಟೆನ್ಸ್. ‘ಝೀನರ್ ಡಯೋಡಿನ ಡೈನಾಮಿಕ್ ರೆಸಿಸ್ಟೆನ್ಸ್ 7 ಓಮ್ ಇದ್ದು, ಅದರಲ್ಲಿ 49 ಮಿಲಿಆಂಪಿಯರ್ ಹರಿದರೆ 0.34 ವೋಲ್ಟ್ ಹೆಚ್ಚಾಗುತ್ತದೆ, ಹಾಗಾಗಿ 5.1 ವೋಲ್ಟ್ ಝೀನರ್ ನಿಜವಾಗಿ ಕೊಡುವುದು 5.44 ವೋಲ್ಟ್’ ಎಂಬ ಲೆಕ್ಕವೊಂದು ವಿದ್ಯಾರ್ಥಿಗಳ ನಡುವೆ ಹರಿದಾಡುತ್ತಿದೆ. ಇದು ತಪ್ಪು.

1ಎನ್4733ಎ ಎಂಬ ಝೀನರ್ ಡಯೋಡನ್ನೇ ನೋಡಿ. ಅದರ 5.1 ವೋಲ್ಟ್ ಎಂಬುದು 49 ಮಿಲಿಆಂಪಿಯರ್ ಪರೀಕ್ಷಾ ವಿದ್ಯುತ್ ಹರಿಯುವಾಗಲೇ ಅಳೆದ ಮೌಲ್ಯ. ಆ ರೆಸಿಸ್ಟೆನ್ಸಿನ ಪಾಲು ಅದರಲ್ಲಿ ಆಗಲೇ ಸೇರಿಹೋಗಿದೆ. ಮತ್ತೆ ಕೂಡಿಸಿದರೆ ಎರಡು ಬಾರಿ ಎಣಿಸಿದಂತೆ. ಗುಣಿಸಬೇಕಾದದ್ದು ಒಟ್ಟು ವಿದ್ಯುತ್ತನ್ನಲ್ಲ, ಅದರಲ್ಲಾದ ಬದಲಾವಣೆಯನ್ನು ಮಾತ್ರ. ವಿದ್ಯುತ್ 49ರಿಂದ 59 ಮಿಲಿಆಂಪಿಯರಿಗೆ ಏರಿದರೆ, 10 ಮಿಲಿಆಂಪಿಯರ್ × 7 ಓಮ್, ಅಂದರೆ 70 ಮಿಲಿವೋಲ್ಟ್ ಏರಿಕೆ. 7 ಓಮ್ ಗರಿಷ್ಠ ಮಿತಿಯಾದ್ದರಿಂದ ನಿಜವಾದ ಏರಿಕೆ ಇನ್ನೂ ಕಡಿಮೆಯಿರಬಹುದು. ಡಯೋಡ್ ಬಿಸಿಯಾದಾಗ ಆಗುವ ವ್ಯತ್ಯಾಸ ಬೇರೆಯೇ.

ಇದಕ್ಕಿಂತ ಮುಖ್ಯವಾದದ್ದು, ಹೆಚ್ಚಿನವರು ಗಮನಿಸದೇ ಬಿಡುವುದು: ಈ 7 ಓಮ್ ಎಲ್ಲೆಡೆ ಒಂದೇ ಅಲ್ಲ. 1 ಮಿಲಿಆಂಪಿಯರಿನಲ್ಲಿ ಅದೇ ಡಯೋಡಿಗೆ ತಯಾರಕರ ದತ್ತಾಂಶ ಪತ್ರ (ಡೇಟಾಶೀಟ್) ಕೊಡುವ ಗರಿಷ್ಠ ಮೌಲ್ಯ 550 ಓಮ್! ಬ್ಯಾಟರಿ ಉಳಿಸಲೆಂದು ವಿದ್ಯುತ್ತನ್ನು ಅಷ್ಟು ಇಳಿಸಿದಾಗ ವೋಲ್ಟೇಜ್ 5.1ಕ್ಕಿಂತ ಸಾಕಷ್ಟು ಕೆಳಗೆ ಬರುತ್ತದೆ. ಡಯೋಡ್ ಕೆಟ್ಟಿದೆಯೆಂದು ದಯವಿಟ್ಟು ಎಸೆಯಬೇಡಿ.

ಡೈನಾಮಿಕ್ ರೆಸಿಸ್ಟೆನ್ಸಿನ ನಿಜವಾದ ಉಪಯೋಗ ಏರಿಳಿತದ ಲೆಕ್ಕದಲ್ಲಿದೆ. ಸರಣಿಯಲ್ಲಿ 100 ಓಮ್ ರೆಸಿಸ್ಟರ್ ಇದ್ದು, ಒಳಬರುವ ವೋಲ್ಟೇಜ್ 1 ವೋಲ್ಟ್ ಏರಿಳಿದರೆ, ಝೀನರಿನ ಮೇಲೆ ಕಾಣುವುದು 7/107 ವೋಲ್ಟ್, ಸುಮಾರು 65 ಮಿಲಿವೋಲ್ಟ್ ಮಾತ್ರ.