ಊಟ ಸಮೇತ ಮನಶ್ಶಾಸ್ತ್ರ

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಸಿಟಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಎದುರಿನ ಲೈಟ್ ಕಂಬಕ್ಕೆ ಕಟ್ಟಿದ್ದ ಫ್ಲೆಕ್ಸ್ ಕಣ್ಣಿಗೆ ಬಿತ್ತು. ಒಂದು ಕಡೆ ನೀಲಿ ಬಣ್ಣದ ಮಿದುಳು, ಅದರೊಳಗೆ ಹಲ್ಲುಚಕ್ರಗಳು. ಇನ್ನೊಂದು ಕಡೆ ಕೋಟು ತೊಟ್ಟು, ಎದೆಯ ಮೇಲೆ ಕೈ ಕಟ್ಟಿ ನಿಂತ ಮಹಾನುಭಾವರು. ನಡುವೆ ಕೆಂಪಕ್ಷರದಲ್ಲಿ: ‘ಮೂರೇ ದಿನದಲ್ಲಿ ಸೈಕಾಲಜಿಸ್ಟ್ ಆಗಿ! ಶುಲ್ಕ 2,999 ಮಾತ್ರ. ಊಟ, ಸರ್ಟಿಫಿಕೇಟ್ ಸಮೇತ. ವಿದ್ಯಾರ್ಹತೆ: ಕಲಿಯುವ ಮನಸ್ಸು.’

ಸ್ಕೂಟರ್ ಓಡಿಸಲು ಎಲ್‌ಎಲ್‌ಆರ್ ಮಾಡಿಸಿದರೂ ಡಿಎಲ್ ಟೆಸ್ಟಿಗೆ 30 ದಿನ ಕಾಯಬೇಕು. ಅಲ್ಲಿಯವರೆಗೆ ಹಿಂದೆ ಮುಂದೆ ಕೆಂಪು ‘ಎಲ್’ ಅಂಟಿಸಿಕೊಂಡು, ನನ್ನಿಂದ ದೂರ ಇರ್ರಪ್ಪಾ ಅಂತ ಊರಿಗೆಲ್ಲ ಸಾರಬೇಕು. ಜನರ ತಲೆಯೊಳಗೆ ಓಡಾಡುವುದಕ್ಕೆ ಮಾತ್ರ ಶುಕ್ರವಾರ ಸೇರಿದರೆ ಭಾನುವಾರ ಪಾಸ್.

ನನಗೆ ಹೊಟ್ಟೆ ಉರಿಯಲು ಮನೆಯಲ್ಲೇ ಕಾರಣವಿದೆ. ನನ್ನ ತಂಗಿ ಮಗಳು ಸೈಕಾಲಜಿಯಲ್ಲಿ ಎಂಎಸ್ಸಿ ಮಾಡಿದವಳು. ಆ ಎರಡು ವರ್ಷ ಅವಳು ಓದಿದ್ದಕ್ಕಿಂತ ಹೆಚ್ಚು ನಾನು ಪರೀಕ್ಷೆ ಕೊಟ್ಟಿದ್ದೇನೆ. ಪ್ರಾಕ್ಟಿಕಲ್‌ಗೆ ಒಬ್ಬ ‘ಸಬ್ಜೆಕ್ಟ್’ ಬೇಕು. ಕ್ಲಾಸಿನ ಗೆಳತಿಯರು ಒಬ್ಬರ ಮೇಲೊಬ್ಬರು ಪ್ರಯೋಗ ಮಾಡಿ ಮುಗಿದ ಮೇಲೆ ಪಾಳಿ ರಿಟೈರ್ಡ್ ಮಾವನಿಗೆ ಬಂತು. ಬ್ಯಾಂಕಿನಲ್ಲಿ 34 ವರ್ಷ ಸಹಿ ಹಾಕಿದ ಕೈ ಇದು. ಒಂದು ಸಂಜೆ ನನ್ನ ಮುಂದೆ ಕನ್ನಡಿ ನಿಲ್ಲಿಸಿ, ಕೈಗೆ ರಟ್ಟು ಮರೆ ಮಾಡಿ, “ಮಾವ, ಈ ನಕ್ಷತ್ರದ ಗೆರೆ ಮೇಲೇ ಪೆನ್ಸಿಲ್ ಓಡ್ಸು. ಕೈ ನೋಡ್ಬಾರ್ದು, ಕನ್ನಡಿ ನೋಡ್ಬೇಕು” ಅಂದಳು. ಪೆನ್ಸಿಲ್ ನಾನು ಮೇಲಕ್ಕೆ ಅಂದರೆ ಕೆಳಕ್ಕೆ ಹೋಯಿತು. ಮೂರನೇ ಮೂಲೆಯಲ್ಲಿ ಸಿಕ್ಕಿಹಾಕಿಕೊಂಡು, “ಹಾಳಾಗ್ ಹೋಗ್ಲಿ ನಿನ್ ನಕ್ಷತ್ರ” ಅಂತ ಎದ್ದುಬಿಟ್ಟೆ. ಮರುದಿನ ರೆಕಾರ್ಡ್ ಪುಸ್ತಕ ತೆಗೆದು ನೋಡಿದರೆ ನೀಟಾಗಿ ಬರೆದಿದ್ದಳು: ‘ಸಬ್ಜೆಕ್ಟ್ ಪೂರ್ಣವಾಗಿ ಸಹಕರಿಸಿದರು.’ ಯಾಕವ್ವಾ ಹಿಂಗೆ ಅಂತ ಕೇಳಿದೆ. ಎಲ್ಲರ ರೆಕಾರ್ಡಿನಲ್ಲೂ ಸಬ್ಜೆಕ್ಟ್ ಸಹಕರಿಸುತ್ತಾರಂತೆ. ಹಿಂದಿನ ಬ್ಯಾಚಿನ ರೆಕಾರ್ಡಿನಲ್ಲೂ ಸಹಕರಿಸಿದ್ದರಂತೆ.

ಅದಕ್ಕಿಂತ ದೊಡ್ಡ ಅವಮಾನ ಆದದ್ದು ನೆನಪಿನ ಪ್ರಯೋಗದಲ್ಲಿ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬಾತ ತನ್ನ ಮರೆವನ್ನು ತಾನೇ ಅಳೆಯಲು, ಯಾವ ಅರ್ಥವೂ ಇಲ್ಲದ ಮೂರಕ್ಷರದ ತುಣುಕುಗಳನ್ನು ಕಟ್ಟಿಕೊಂಡು, ಬಾಯಿಪಾಠ ಮಾಡಿ, 1885ರಲ್ಲಿ ಪುಸ್ತಕ ಬರೆದ. ಅರ್ಥವಿದ್ದರೆ ನೆನಪಿಗೆ ಊರುಗೋಲು ಸಿಗುತ್ತದೆ, ಬರೀ ನೆನಪನ್ನು ಅಳೆಯಲಾಗದು ಅನ್ನುವುದು ಅವನ ಲೆಕ್ಕ. ಸರಿಯಾದ ಲೆಕ್ಕವೇ. ಇವಳು ಇಂಗ್ಲಿಷ್ ಅಕ್ಷರದ ಪಟ್ಟಿ ಹಿಡಿದು ಓದಿದಳು: ಬೆಕ್, ನಾಯ್, ಕಸ್, ಹೋಗ್… ನಾನು ಹನ್ನೆರಡಕ್ಕೆ ಹನ್ನೆರಡೂ ಒಪ್ಪಿಸಿದೆ. ಬೆಕ್ಕು, ನಾಯಿ, ಕಸ, ಹೋಗು ಅಂತ ಮನಸ್ಸಿನಲ್ಲೇ ಒಂದು ಕಥೆ ಹೆಣೆದುಕೊಂಡಿದ್ದೆ. ಎಬ್ಬಿಂಗ್‌ಹೌಸನಿಗೆ ಕನ್ನಡ ಬರುತ್ತಿರಲಿಲ್ಲ, ನನ್ನ ತಪ್ಪೇ? ರಿಸಲ್ಟ್ ನೋಡಿದ ಲೆಕ್ಚರರ್, “ಪುಸ್ತಕದಲ್ಲಿ ಇದ್ದಂಗೆ ಗ್ರಾಫ್ ಬಂದಿಲ್ಲ, ಇನ್ನೊಮ್ಮೆ ಮಾಡು” ಅಂದರಂತೆ. ಪುಸ್ತಕ ತಪ್ಪಲ್ಲ, ಪಟ್ಟಿ ತಪ್ಪಲ್ಲ, ಮಾವ ತಪ್ಪು. ಎರಡನೇ ಸಲ ಬೇಕಂತಲೇ ನಾಲ್ಕು ಮರೆತೆ. ಗ್ರಾಫ್ ಸುಂದರವಾಗಿ ಇಳಿಯಿತು, ‘ಗುಡ್’ ಅಂತ ಕೆಂಪಿಂಕಿನಲ್ಲಿ ಬಿತ್ತು. ಮಾರ್ಜಿನ್ ವಕ್ರವಾಗಿದ್ದಕ್ಕೆ ಅರ್ಧ ಅಂಕ ಹೋಯಿತು, ಅದು ಬೇರೆ ವಿಷಯ.

ನಮ್ಮ ನಾಡಿಗೆ ಈ ವಿದ್ಯೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಗಿದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ಶುರು ಮಾಡಿದವರು. ಆ ಕಾಲದ ಮನಶ್ಶಾಸ್ತ್ರದ ಮೇಷ್ಟ್ರು ಬಿಡುವಾದಾಗ ರೇಡಿಯೊ ಕಟ್ಟಿದರು. ಈ ಕಾಲದಲ್ಲಿ ಮೈಕ್ ಸಿಕ್ಕವರೆಲ್ಲ ಬಿಡುವಾದಾಗ ಮನಶ್ಶಾಸ್ತ್ರ ಕಟ್ಟುತ್ತಿದ್ದಾರೆ.

ಎಂಎಸ್ಸಿ ಮುಗಿದರೆ ಕೆಲಸ ಶುರು ಅಂದುಕೊಂಡಿದ್ದೆವು. ಅಲ್ಲವಂತೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಕೂರಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕೆ ಆಗಿನ ಮುಖ್ಯ ದಾರಿ ಆಸ್ಪತ್ರೆಯಲ್ಲಿ ಇನ್ನೂ ಎರಡು ವರ್ಷದ ಎಂಫಿಲ್. ಸೀಟುಗಳೋ ಬೆರಳೆಣಿಕೆ. ಹುಡುಗಿ ಎಂಟ್ರೆನ್ಸಿಗೆ ಕೂತಿದ್ದಾಗಲೇ ದೆಹಲಿಯಲ್ಲಿ ಇನ್ನೊಂದು ನಾಟಕ. ವಿಶ್ವವಿದ್ಯಾನಿಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2022ರ ನವೆಂಬರಿನಲ್ಲಿ ಎಂಫಿಲ್ಲನ್ನೇ ರದ್ದು ಮಾಡಿತು. 2023ರ ಡಿಸೆಂಬರಿನಲ್ಲಿ ‘ಎಂಫಿಲ್‌ಗೆ ಮಾನ್ಯತೆ ಇಲ್ಲ, ಯಾರೂ ಸೇರಬೇಡಿ’ ಅಂತ ಡಂಗುರ ಸಾರಿತು. ಮುಂದಿನ ತಿಂಗಳೇ ‘ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎರಡಕ್ಕೆ ಮಾತ್ರ 2025-26ರವರೆಗೆ ನಡೆಯಲಿ’ ಅಂದಿತು. ಬಾಗಿಲು ಹಾಕಿ, ಅಗಳಿ ಜಡಿದು, ಹಿತ್ತಲ ಕಡೆ ಬಂದು, “ನೀವಿಬ್ಬರು ಮಾತ್ರ ಈ ಕಡೆಯಿಂದ ಬರ್ರಿ, ಬೇಗ” ಅಂದಂತೆ. ಮಾನಸಿಕ ಒತ್ತಡ ಅಂದರೇನು ಅಂತ ಸಿಲಬಸ್ಸಿಗಿಂತ ಮೊದಲು ಸುತ್ತೋಲೆಯೇ ಕಲಿಸಿತು. 2025ರಲ್ಲಿ ಇನ್ನೊಂದು ಬಂತು: ಆ ವರ್ಷದ ಜುಲೈ-ಆಗಸ್ಟ್‌ನಿಂದ ಸೈಕಾಲಜಿಯನ್ನು ಆನ್‌ಲೈನಿನಲ್ಲಿ, ದೂರಶಿಕ್ಷಣದಲ್ಲಿ ಕಲಿಸುವಂತಿಲ್ಲ. ಇದನ್ನು ನಾನು ಒಪ್ಪುತ್ತೇನೆ. ಅಂಚೆಯಲ್ಲಿ ಈಜು ಕಲಿಯಲಾಗದು. ಆದರೆ ಸುತ್ತೋಲೆಗಳೆಲ್ಲ ವಿಶ್ವವಿದ್ಯಾನಿಲಯಗಳ ವಿಳಾಸಕ್ಕೆ ಹೋಗುತ್ತವೆ. ಲಾಡ್ಜಿನ ಮೊದಲನೇ ಮಹಡಿಯ ಹಾಲಿಗೆ ಹೋಗುವುದಿಲ್ಲ.

ಎರಡನೇ ಪ್ರಯತ್ನಕ್ಕೆ ಅವಳಿಗೆ ಸೀಟು ಸಿಕ್ಕಿತು. ದೀಪಾವಳಿಗೆ ಊರಿಗೆ ಬಂದಾಗ, ಅಲ್ಲಿ ಏನ್ ಕಲಿಸ್ತಾರವ್ವಾ ಅಂತ ಕೇಳಿದೆ. ಒಬ್ಬ ರೋಗಿಯ ಬಗ್ಗೆ, ಹೆಸರು ಊರು ಹೇಳದೆ, ತಾನು ಬರೆದ ಮೊದಲ ವರದಿಯ ಕಥೆ ಹೇಳಿದಳು. ‘ರೋಗಿ ಸಿಟ್ಟಿನಲ್ಲಿದ್ದರು’ ಅಂತ ಬರೆದಿದ್ದಳಂತೆ. ಗೈಡ್ ಆ ಸಾಲಿನ ಕೆಳಗೆ ಗೆರೆ ಎಳೆದು, “ಸಿಟ್ಟು ನಿನಗೆ ಕಾಣಿಸ್ತಾ? ಕಂಡಿದ್ದು ಬರಿ” ಅಂದರಂತೆ. ತಿದ್ದಿ ಬರೆದಳು: ‘ಮುಷ್ಟಿ ಬಿಗಿಹಿಡಿದಿದ್ದರು. ಪ್ರತಿ ಪ್ರಶ್ನೆಗೂ ಉತ್ತರಿಸುವ ಮೊದಲು ಬಾಗಿಲ ಕಡೆ ನೋಡಿದರು.’ ಆಗ ಗೈಡ್ ಕೇಳಿದರಂತೆ, “ಬಾಗಿಲ ಹೊರಗೆ ಯಾರಿದ್ರು?” ಅಣ್ಣ ಕೂತಿದ್ದ. ಅದು ಸಿಟ್ಟಲ್ಲ, ಹೆದರಿಕೆ. ಒಂದು ಸಾಲು ಸರಿಯಾಗಿ ಬರೆಯಲು ಅವಳಿಗೆ ಒಂದು ವಾರ ಹಿಡಿಯಿತು.

ಇದನ್ನು ಕೇಳಿದ ಮೇಲೆಯೇ ನಾನು 2,999 ಕಟ್ಟಿದ್ದು. ತಂಗಿ ಮಗಳು ವರ್ಷಗಟ್ಟಲೆ ಒದ್ದಾಡುವುದನ್ನು ಮೂರು ದಿನದಲ್ಲಿ ಮುಗಿಸುವ ಪ್ರತಿಭಾವಂತರನ್ನು ಕಣ್ಣಾರೆ ನೋಡಬೇಡವೇ?

ಹಾಲಿನಲ್ಲಿ ಸುಮಾರು ನಲವತ್ತು ಜನ. ಎಲ್‌ಐಸಿ ಏಜೆಂಟರು, ಟ್ಯೂಷನ್ ಮೇಡಂಗಳು, ಹೊಸದಾಗಿ ವಿಆರ್‌ಎಸ್ ತಗೊಂಡವರು. ನನ್ನ ಪಕ್ಕ ಒಬ್ಬ ಜ್ಯೋತಿಷಿಗಳು. “ಈಗಿನ ಹುಡುಗ್ರು ಜಾತಕ ಅಂದ್ರೆ ನಗ್ತಾರ್ರೀ, ಕೌನ್ಸೆಲಿಂಗ್ ಅಂದ್ರೆ ಬಂದು ಕುಂದರ್ತಾರೆ. ಬೋರ್ಡಿಗೆ ಒಂದು ಲೈನ್ ಸೇರಿಸ್ಬೇಕು” ಅಂದರು. ಅವರ ಮೇಲೆ ನನಗೆ ಗೌರವವೇ ಹುಟ್ಟಿತು. ಜ್ಯೋತಿಷಿ ಕೊನೇಪಕ್ಷ ಹುಟ್ಟಿದ ಹೊತ್ತನ್ನಾದರೂ ಕೇಳುತ್ತಾನೆ. ಆ ಹಾಲಿನಲ್ಲಿ ಮೂರೂ ದಿನ, ಎದುರಿಗೆ ಬಂದವನನ್ನು ಏನು ಕೇಳಬೇಕು ಅಂತ ಯಾರೂ ಹೇಳಲಿಲ್ಲ. ಅವನಿಗೆ ಏನು ಹೇಳಬೇಕು ಅಂತ ಮಾತ್ರ ಹೇಳಿದರು.

ಮೊದಲ ದಿನ ಚಪ್ಪಾಳೆ. ಎರಡನೇ ದಿನ ‘ಏಳು ಸೆಕೆಂಡಿನಲ್ಲಿ ಮನುಷ್ಯನನ್ನು ಓದುವುದು’. ಟ್ರೇನರ್ ಸಾಹೇಬರು, “ಕೈ ಕಟ್ಟಿ ಕೂತವರು ಮನಸ್ಸು ಮುಚ್ಚಿಕೊಂಡವರು, ಇದು ಸೈಕಾಲಜಿ!” ಅಂತ ಘೋಷಿಸಿದರು. ತಿರುಗಿ ನೋಡಿದರೆ ಹಾಲಿನ ನಲವತ್ತೂ ಜನ ಕೈ ಕಟ್ಟಿ ಕೂತಿದ್ದಾರೆ. ಏಸಿಯನ್ನು ಹದಿನೆಂಟಕ್ಕೆ ಇಟ್ಟಿದ್ದರು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಸಾಹೇಬರದೇ ಆಳೆತ್ತರದ ಫೋಟೊ, ಎದೆಯ ಮೇಲೆ ಕೈ ಕಟ್ಟಿಕೊಂಡೇ ನಿಂತಿತ್ತು. ಮಧ್ಯಾಹ್ನದ ಊಟ ಮಾತ್ರ ಚೆನ್ನಾಗಿತ್ತು. ಹೋಳಿಗೆ ಎರಡನೇ ಸಲವೂ ಬಡಿಸಿದರು.

ಮೂರನೇ ದಿನ ಒಂದು ಪ್ರಶ್ನೆ ಕೇಳಿದೆ. “ಸಾರ್, ನೋಂದಣಿ ಇಲ್ಲದೆ ಪ್ರಾಕ್ಟೀಸ್ ಮಾಡಿದ್ರೆ ಕಾನೂನಿದೆಯಲ್ವಾ?” ಇದೆ. 1992ರ ಪುನರ್ವಸತಿ ಪರಿಷತ್ ಕಾಯ್ದೆ. ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಾಹೇಬರು ನಕ್ಕರು. “ಅದು ಕ್ಲಿನಿಕಲ್‌ಗೆ ಸಾರ್. ನೀವು ಬೋರ್ಡಿನ ಮೇಲೆ ‘ಕ್ಲಿನಿಕಲ್’ ಅಂತ ಹಾಕ್ಬೇಡಿ. ‘ಮೈಂಡ್ ಕೋಚ್’ ಅಂತ ಹಾಕಿ, ‘ಲೈಫ್ ಹೀಲರ್’ ಅಂತ ಹಾಕಿ.” ಹಾಲಿನ ತುಂಬ ಪೆನ್ನುಗಳ ಸದ್ದು. ಮೂರು ದಿನದಲ್ಲಿ ಎಲ್ಲರೂ ನೋಟ್ಸ್ ಬರೆದುಕೊಂಡಿದ್ದು ಅದೊಂದನ್ನೇ. ಸಾವಿರ ರೂಪಾಯಿ ದಂಡವಂತೂ ಬಿಡಿ, ಕೋರ್ಸಿನ ಫೀಸಿನ ಮೂರನೇ ಒಂದು ಭಾಗ.

ಕಪ್ಪು ಗೌನು, ಟೊಪ್ಪಿ, ಫೋಟೊ. ಸರ್ಟಿಫಿಕೇಟಿನಲ್ಲಿ ‘ಇಂಟರ್‌ನ್ಯಾಷನಲ್’ ಅನ್ನುವ ಪದ ಮೂರು ಕಡೆ ಸರಿಯಾಗಿತ್ತು, ನನ್ನ ಹೆಸರು ಒಂದು ಕಡೆ ತಪ್ಪಾಗಿತ್ತು. ನಮ್ಮ ಮನೆಯಾಕೆ ಅದನ್ನು ಲ್ಯಾಮಿನೇಟ್ ಮಾಡಿಸಿ ಹಾಲಿನ ಗಡಿಯಾರದ ಪಕ್ಕ ತೂಗುಹಾಕಿದಳು. ತಮಾಷೆಗೆ ಮಾಡಿದ್ದು ಅಂದೆ. “ಇರ್ಲಿ ಬಿಡ್ರೀ, ಮೂರು ಸಾವಿರ ಕೊಟ್ಟೀವಿ” ಅಂದಳು.

ಇಪ್ಪತ್ತು ದಿನ ಆಗಿರಬೇಕು. ಪಕ್ಕದ ಓಣಿಯವರೊಬ್ಬರು ರಾತ್ರಿ ಒಂಬತ್ತಕ್ಕೆ ಬಂದರು. “ನೀವೇನೋ ಕೋರ್ಸ್ ಮಾಡೀರಂತಲ್ರೀ ಸರ. ನಮ್ ಹುಡುಗಂದು ಸ್ವಲ್ಪ ಮಾತಾಡ್ಬೇಕಿತ್ತು.” ಕುರ್ಚಿಯ ತುದಿಯಲ್ಲಿ ಕೂತರು. ನಾನು ಏಳು ಸೆಕೆಂಡಿನಲ್ಲಿ ಓದಲು ಹೊರಟೆ. ಕೈ ಕಟ್ಟಿರಲಿಲ್ಲ, ಹಾಗಾದರೆ ಮನಸ್ಸು ತೆರೆದಿದೆ. ಅವರು ಅಳುವುದಕ್ಕೆ ಶುರು ಮಾಡಿದರು. ಅದಕ್ಕೆ ನೋಟ್ಸ್ ಇರಲಿಲ್ಲ.

ಒಳಗೆ ಹೋಗಿ ತಂಗಿ ಮಗಳಿಗೆ ಫೋನ್ ಹಚ್ಚಿದೆ. “ಬಹಳ ಟೆನ್ಷನ್ನಲ್ಲಿ ಅದಾರವ್ವಾ” ಅಂದೆ.

“ಅದು ನಿನ್ನ ಊಹೆ ಮಾವ. ಕಂಡಿದ್ದೇನು, ಕೇಳಿದ್ದೇನು, ಅಷ್ಟೇ ಹೇಳು.”

ಪರದೆ ಸರಿಸಿ ಮತ್ತೆ ನೋಡಿದೆ. “ಚಾ ಕುಡಿದಿಲ್ಲ, ಕೆನೆ ಕಟ್ಟೈತಿ. ಹುಡುಗ ಎರಡು ತಿಂಗಳಿಂದ ರಾತ್ರಿ ಮಲಗ್ತಾ ಇಲ್ವಂತೆ. ಕಾಲೇಜು ಬಿಟ್ಟಾನಂತೆ. ‘ನನಗೆ ಸಾಕಾಗೈತಿ’ ಅಂತ ಈ ವಾರ ಎರಡು ಸಲ ಅಂದಾನಂತೆ.”

ಆ ಕಡೆ ಒಂದು ಗಳಿಗೆ ಮೌನ. “ಸಾಯೋ ಮಾತು ಆಡಿದಾನಾ ಅಂತ ನೇರವಾಗಿ ಕೇಳು. ಕೇಳಿದ್ರೆ ತಲೆಗೆ ತುಂಬಿದಂಗೆ ಆಗಲ್ಲ, ಹೆದರಬೇಡ. ಇವತ್ತು ರಾತ್ರಿ ಅವನ್ನ ಒಬ್ಬನ್ನೇ ಬಿಡ್ಬಾರ್ದು. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಈಗ್ಲೇ ಫೋನ್ ಹಚ್ಚಿ ಅವರಪ್ಪನ ಕೈಗೆ ಕೊಡು, ಕನ್ನಡದಲ್ಲೇ ಮಾತಾಡ್ತಾರೆ. ಬೆಳಿಗ್ಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ನೀನೂ ಹೋಗು, ಮಾನಸಿಕ ರೋಗದ ಡಾಕ್ಟರ್ ಹತ್ರ. ಮತ್ತೆ ಮಾವ, ನೀನು ಏನೂ ಬುದ್ಧಿ ಹೇಳಬೇಡ.”

ಹೇಳಲಿಲ್ಲ. ಫೋನ್ ಹಚ್ಚಿ ಕೊಟ್ಟೆ. ಅವರು ಮಾತಾಡಿ ಮುಗಿಸಿದಾಗ ಹತ್ತೂವರೆ. ಬೆಳಿಗ್ಗೆ ಎಂಟಕ್ಕೆ ನನ್ನ ಸ್ಕೂಟರಿನ ಮೇಲೆ ನಾನು, ಹಿಂದೆ ಆಟೊದಲ್ಲಿ ಅಪ್ಪ ಮಗ ಅಂತ ತೀರ್ಮಾನವಾಯಿತು. ಬಾಗಿಲವರೆಗೆ ಹೋದವರು ತಿರುಗಿ ನಿಂತು, ಗೋಡೆಯ ಕಡೆ ನೋಡಿ ಕೇಳಿದರು:

“ಸರ, ನಿಮ್ ಸರ್ಟಿಫಿಕೇಟೂ ತರಬೇಕೇನ್ರೀ?”

“ಬೇಡ್ರಿ. ಹುಡುಗನ ಆಧಾರ್ ಕಾರ್ಡ್ ಸಾಕು” ಅಂದೆ.