ದನ ಬಿಟ್ಟವನದೇ ಜಾಗ

ಅಮೆಜಾನ್ ಕಾಡು ಯಾಕೆ ಹೋಗುತ್ತಿದೆ ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಜನಕ್ಕೆ ಮಾಂಸ ಬೇಕು, ಸೋಯಾ ಬೇಕು. ಬ್ರೆಜಿಲ್‌ನ ಕುಯಬಾದಲ್ಲಿ ಕೂತಿರುವ ನನಗೆ ಇದು ಅರ್ಧ ಸತ್ಯ ಅನಿಸುತ್ತದೆ. ಇಲ್ಲಿ ಎಷ್ಟೋ ದನಗಳ ಮೊದಲ ಕೆಲಸ ಜಾಗ ಹಿಡಿಯುವುದು. ಮಾಂಸ ಆಮೇಲೆ.

ನಮ್ಮ ಊರಿಂದ ಉತ್ತರಕ್ಕೆ ಬಿಆರ್-163 ಹೆದ್ದಾರಿ ಹೋಗುತ್ತದೆ. ಸಿನೊಪ್ ತನಕ ಕಣ್ಣು ಹಾಯಿಸಿದಷ್ಟೂ ಸೋಯಾ. ಇನ್ನೂ ಮೇಲೆ ಪಾರಾ ರಾಜ್ಯಕ್ಕೆ ಹೋದರೆ ಹುಲ್ಲುಗಾವಲು. ಅದರ ನಡುವೆ ಅಲ್ಲೊಂದು ಇಲ್ಲೊಂದು ಬ್ರೆಜಿಲ್ ನಟ್ ಮರ ನಿಂತಿರುತ್ತದೆ. ಅದನ್ನು ಕಡಿಯುವಂತಿಲ್ಲ, ಕಾನೂನಿದೆ. ಸುತ್ತಲಿನ ಕಾಡು ಹೋದ ಮೇಲೆ ಹೂವಿಗೆ ಬರುವ ದೊಡ್ಡ ಜೇನ್ನೊಣಗಳೂ ಕಮ್ಮಿ, ಕಾಯಿಯೂ ಕಮ್ಮಿ. ಕಾನೂನು ಮಾತ್ರ ಪಾಲನೆಯಾಗಿದೆ, ಅಲ್ವಾ!

ಕಾಡು ಹೋಗುವ ಕ್ರಮ ಇಲ್ಲಿ ಎಲ್ಲರಿಗೂ ಗೊತ್ತು. ಮೊದಲು ಬೆಲೆಬಾಳುವ ಮರಗಳು ಲಾರಿ ಹತ್ತುತ್ತವೆ. ಉಳಿದದ್ದನ್ನು ಕಡಿದು ಕೆಡವಿ ಒಣಗಲು ಬಿಡುತ್ತಾರೆ. ಮಳೆ ನಿಂತ ತಿಂಗಳುಗಳಲ್ಲಿ ಬೆಂಕಿ. ಬೂದಿಯ ಮೇಲೆ ಆಫ್ರಿಕಾ ಮೂಲದ ಬ್ರಾಕಿಯಾರಿಯಾ ಹುಲ್ಲಿನ ಬೀಜ. ಆಮೇಲೆ ತಂತಿ ಬೇಲಿ, ಒಳಗೆ ದನ. ಹೆಕ್ಟೇರಿಗೆ ಒಂದು ದನದ ಲೆಕ್ಕ ಬಿದ್ದರೆ ಹೆಚ್ಚು. ಇದರಲ್ಲಿ ಮಾಂಸದ ಲಾಭ ಎಷ್ಟಿದ್ದೀತು? ನಿಜವಾದ ದುಡ್ಡು ಇರುವುದು ಜಾಗದ ಬೆಲೆ ಏರುವುದರಲ್ಲಿ. ಮಣ್ಣು ಸೋತ ಮೇಲೆ ಸೋಯಾದವರಿಗೆ ಮಾರಿ, ದನ ಹೊಡೆದುಕೊಂಡು ಇನ್ನಷ್ಟು ಒಳಗೆ ಹೋಗಬಹುದು.

ಬಗರ್ ಹುಕುಂ ಗೊತ್ತಿರುವ ನಮಗೆ ಇದೇನು ಹೊಸದಲ್ಲ. ಹಿಡಿದ ಸರ್ಕಾರಿ ಜಾಗ ಸಕ್ರಮ ಮಾಡಿಕೊಡಿ ಅಂತ ಅರ್ಜಿ ಹಾಕಲು ಫಾರಂ 50 ಬಂತು, 53 ಬಂತು, 57 ಬಂತು. ಇಲ್ಲೂ ಹಾಗೇ. 2009ರ ಕಾನೂನು, 2004ರ ಡಿಸೆಂಬರ್‌ಗೆ ಮೊದಲು ಹಿಡಿದ ಸರ್ಕಾರಿ ಜಾಗವನ್ನು ಸಕ್ರಮ ಮಾಡಿಕೊಡುತ್ತೇವೆ ಅಂದಿತು. 2017ರಲ್ಲಿ ಆ ದಿನಾಂಕ 2008ರ ಜುಲೈಗೆ ಜರುಗಿತು. ಒಬ್ಬನಿಗೆ ಸಿಗುವ ಮಿತಿ 1,500 ಹೆಕ್ಟೇರ್‌ನಿಂದ 2,500ಕ್ಕೆ ಏರಿತು. ಅಂದರೆ ಆರು ಸಾವಿರ ಎಕರೆ ದಾಟಿತು! ನಮ್ಮಲ್ಲಿ ತಾಲ್ಲೂಕು ಕಚೇರಿಗೆ ಅಲೆಯುವವನು ಎರಡು ಮೂರು ಎಕರೆಯ ರೈತ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಿಲ್ಲ. ಆದರೆ ಇವತ್ತು ಕಡಿದರೆ ನಾಳೆ ಪತ್ರ ಸಿಗುತ್ತದೆ ಅನ್ನುವ ನಂಬಿಕೆ ಇಬ್ಬರಿಗೂ ಒಂದೇ. ಕೊಡಲಿಗಿಂತ ಆ ನಂಬಿಕೆಯೇ ಜಾಸ್ತಿ ಕಾಡು ಕಡಿದಿದೆ ಅಂತ ನನ್ನ ಅನಿಸಿಕೆ.

ಸರ್ಕಾರಕ್ಕೆ ತಡೆಯಲು ಆಗುವುದಿಲ್ಲ ಅನ್ನುವುದೂ ಸುಮ್ನೆ ಮಾತು. 2004ರಲ್ಲಿ ಬ್ರೆಜಿಲ್‌ನ ಅಮೆಜಾನ್ ಕಳೆದುಕೊಂಡದ್ದು ಸುಮಾರು 27,800 ಚದರ ಕಿ.ಮೀ. ಕಾಡು. ಉಪಗ್ರಹದ ಕಣ್ಣು, ದಂಡ, ಕಾಡು ಕಡಿದವರ ಸಾಲಕ್ಕೆ ಕಡಿವಾಣ ಎಲ್ಲ ಬಿಗಿಯಾದ ಮೇಲೆ 2012ರಲ್ಲಿ ಅದು ಸುಮಾರು 4,600ಕ್ಕೆ ಇಳಿಯಿತು. ಹಿಡಿತ ಸಡಿಲವಾದಾಗ 2021ರಲ್ಲಿ ಮತ್ತೆ 13,000. 2004ರಿಂದ 2012ರ ನಡುವೆ ಮಾಂಸ ತಿನ್ನುವವರೇನೂ ಕಮ್ಮಿಯಾಗಿರಲಿಲ್ಲ.

ಇನ್ನು ಕರುಗಳ ಆಟ. ಕಾಡು ಕಡಿದ ಜಾಗದಲ್ಲಿ ಹುಟ್ಟಿದ ಕರುವನ್ನು ಬೆಳೆಸಿ, ಕೊನೆಗೆ ಕಾಗದ ಪತ್ರ ಸರಿ ಇರುವ ಇನ್ನೊಂದು ರಾಂಚ್‌ಗೆ, ಅಂದರೆ ದನ ಸಾಕುವ ದೊಡ್ಡ ಫಾರ್ಮ್‌ಗೆ, ದಾಟಿಸುತ್ತಾರೆ. ಕಸಾಯಿಖಾನೆಯವರು ನೋಡುವುದು ಹೆಚ್ಚಾಗಿ ಆ ಕೊನೆಯ ರಾಂಚನ್ನು ಮಾತ್ರ. ಅಲ್ಲಿಗೆ ಎಲ್ಲ ಕ್ಲೀನ್. ಸಾಗಣೆ ಪರ್ಮಿಟ್ ಕೊಡುವುದೂ ಹಿಂಡಿನ ಲೆಕ್ಕದಲ್ಲಿ. ಯಾವ ದನ ಎಲ್ಲಿ ಹುಟ್ಟಿತು ಅಂತ ಯಾರು ಹೇಳಬೇಕು?

ಕರ್ನಾಟಕದಲ್ಲಿ ಒಂದೇ ಹಸು ಸಾಕಿದವರ ಹಟ್ಟಿಗೂ ಬಂದು ಕಿವಿಗೆ 12 ಅಂಕಿಯ ಹಳದಿ ಬಿಲ್ಲೆ ಹಾಕುತ್ತಾರೆ. ಇಪ್ಪತ್ತು ಕೋಟಿಗಿಂತ ಹೆಚ್ಚು ದನ ಇರುವ, ಜಗತ್ತಿಗೆಲ್ಲ ಮಾಂಸ ಮಾರುವ ಬ್ರೆಜಿಲ್, ಪ್ರತಿ ದನಕ್ಕೂ ಗುರುತು ಹಾಕುವ ಯೋಜನೆ ಹೇಳಿದ್ದು 2024ರ ಕೊನೆಗೆ. ಮುಗಿಸುವ ಗಡುವು 2032. ಪಕ್ಕದ ಉರುಗ್ವೆ 2006ರಲ್ಲೇ ಇದನ್ನು ಕಡ್ಡಾಯ ಮಾಡಿತ್ತು. ಹಾಗಾಗಿ ದೇಶ ದೊಡ್ಡದು, ಟೈಮ್ ಬೇಕು ಅನ್ನುವ ರಾಂಚ್ ಮಾಲೀಕರ ಮಾತನ್ನು ನಾನಂತೂ ನಂಬುವುದಿಲ್ಲ.