ಹಿಂದಿನ ಸೀಟಿನವರನ್ನು ಬಿಟ್ಟು ಟೆಸ್ಟ್ ಡ್ರೈವಾ?

ಕಳೆದ ಭಾನುವಾರ ಚಿಕ್ಕಮಗಳೂರಿನಲ್ಲಿ ಒಂದು ಕಾರು ಶೋರೂಮಿನವರು ಟೆಸ್ಟ್ ಡ್ರೈವ್ ಮೇಳ ಇಟ್ಟಿದ್ದರು. ಶಾಮಿಯಾನ, ಜೋರು ಹಾಡು, ಬಲೂನು, ಕಾಫಿ. (ಕಾಫಿ ಸಪ್ಪೆ. ನಮ್ಮೂರಲ್ಲೇ ಹೀಗಾದ್ರೆ ಹೇಗೆ!) "ಆ ಗಲಾಟೇಲಿ ಮಕ್ಕಳು ಯಾಕೆ? ನನ್ ಹತ್ರ ಬಿಟ್ಟು ಹೋಗಿ" ಅಂದರು ಅತ್ತೆ. ನಾನು ಕೇಳಲಿಲ್ಲ. ಆರು ವರ್ಷದ ಮಗಳು, ಎರಡು ವರ್ಷದ ಮಗ, ಇಬ್ಬರನ್ನೂ ಹೊರಡಿಸಿದೆ. ಜೊತೆಗೆ ಮಗನ ಚೈಲ್ಡ್ ಸೀಟನ್ನೂ ಹೊತ್ತುಕೊಂಡು ಹೋದೆ.

ನಮ್ಮ ಮನೆಯಲ್ಲಿ ಕಾರು ಓಡಿಸುವವರು ಒಬ್ಬರು. ಹಿಂದೆ ಕೂರುವವರು ಮೂರು ಜನ. ನನ್ನ ತವರು ಮೂಡಿಗೆರೆ, ನಾದಿನಿ ಮನೆ ಉಜಿರೆ. ಹಾಗಾಗಿ ಚಾರ್ಮಾಡಿ ಘಾಟಿ ನಮಗೆ ತಪ್ಪಿದ್ದಲ್ಲ. ಕೊಟ್ಟಿಗೆಹಾರ ದಾಟಿದರೆ ಮಗಳ ಮುಖ ಬಿಳಿಚಿಕೊಳ್ಳುತ್ತದೆ. ಆಮೇಲೆ ಕವರ್, ನಿಂಬೆಹಣ್ಣು, ಒದ್ದೆ ಟವೆಲ್. ಪಿಕಪ್ ಹೇಗಿದೆ ಅಂತ ನಮ್ಮ ಯಜಮಾನರು ನೋಡಿಕೊಳ್ಳಲಿ, ಬೇಡ ಅನ್ನಲ್ಲ. ಆದರೆ ಅವಳಿಗೆ ಕಿಟಕಿಯಿಂದ ಹೊರಗೆ ಕಾಣುತ್ತಾ, ಎಸಿ ಗಾಳಿ ಹಿಂದಕ್ಕೆ ಬರುತ್ತಾ ಅನ್ನೋದನ್ನ ಅವಳನ್ನೇ ಕೂರಿಸಿ ನೋಡಬೇಕಲ್ವಾ? ಈಗಿನ ಎಷ್ಟೋ ಕಾರುಗಳಲ್ಲಿ ಹಿಂದಿನ ಕಿಟಕಿ ಮೇಲೇರುತ್ತಾ ಕಿರಿದಾಗುತ್ತದೆ. ಹೊರಗಿನಿಂದ ಸ್ಟೈಲು. ಒಳಗೆ ಕೂತ ಮಗುವಿಗೆ ಕಾಣುವುದು ಬಾಗಿಲಿನ ಪ್ಲಾಸ್ಟಿಕ್ಕು ಮಾತ್ರ. ಹೊರಗೆ ಕಾಣದಿದ್ದರೆ ಹೊಟ್ಟೆ ತೊಳಸುವುದು ಇನ್ನೂ ಜಾಸ್ತಿ.

ಸೇಲ್ಸ್ ಹುಡುಗ ಒಳ್ಳೆಯವನೇ. ಆದರೆ ಅವನ ಮೊದಲ ಮಾತು, "ಮಕ್ಕಳು ಅಲ್ಲಿ ಜಾರುಬಂಡೆ ಹತ್ರ ಆಡ್ತಿರ್ಲಿ ಮೇಡಂ." ಇಲ್ಲ, ಅವರೂ ಬರುತ್ತಾರೆ ಅಂದೆ. "ಹಾಗಾದ್ರೆ ಪಾಪುನ ತೊಡೆ ಮೇಲೆ ಕೂರಿಸ್ಕೊಳ್ಳಿ, ಎರಡೇ ಕಿಲೋಮೀಟರ್ ಅಲ್ವಾ."

ಇಲ್ಲಿ ನನಗೆ ಸ್ವಲ್ಪ ಸಿಟ್ಟು ಬಂತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ, 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದೆ ಕಾರು ಓಡಿಸಿದರೆ 1,000 ರೂಪಾಯಿ ದಂಡ. ದಂಡ ಹಾಳಾಗಲಿ, ಡಿಕ್ಕಿಯಾದಾಗ ಎಷ್ಟು ಗಟ್ಟಿಯಾಗಿ ತಬ್ಬಿಕೊಂಡಿದ್ದರೂ ಮಗು ಕೈಯಲ್ಲಿ ನಿಲ್ಲುವುದಿಲ್ಲ. ಶಾಮಿಯಾನದ ತುಂಬ 'ಫೈವ್ ಸ್ಟಾರ್ ಸೇಫ್ಟಿ' ಬ್ಯಾನರು ಬೇರೆ. ಕಾರನ್ನು ಡಿಕ್ಕಿ ಹೊಡೆಸಿ ಸುರಕ್ಷತೆ ಪರೀಕ್ಷಿಸುವ, 2023ರ ಅಕ್ಟೋಬರ್‌ನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ದೊಡ್ಡವರಿಗೆ ಬೇರೆ, ಮಕ್ಕಳಿಗೆ ಬೇರೆ ಸ್ಟಾರ್ ಕೊಡುತ್ತದೆ. ದೊಡ್ಡವರದು 32 ಅಂಕಕ್ಕೆ, ಮಕ್ಕಳದು 49ಕ್ಕೆ. "ಮಕ್ಕಳದ್ದು ಎಷ್ಟು ಬಂದಿದೆ?" ಅಂದೆ. ಹುಡುಗ ಫೋನ್ ತೆಗೆದ.

ಆಮೇಲೆ ಚೈಲ್ಡ್ ಸೀಟ್ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಹುಡುಕಾಟ. ಹುಡುಗ ಡಿಕ್ಕಿ ತೆಗೆದು ನೋಡಿದ, ಸೀಟಿನ ಕೆಳಗೆ ಬಗ್ಗಿದ. ಕೊನೆಗೆ ಕಂಡುಹಿಡಿದವಳು ನನ್ನ ಮಗಳು. ಬಿದ್ದ ಚಾಕೊಲೇಟಿಗಾಗಿ ಸೀಟಿನ ಸಂದಿಗೆ ಕೈ ಹಾಕಿದವಳು, "ಅಮ್ಮ, ಇಲ್ಲೊಂದು ಕಬ್ಬಿಣ ಇದೆ" ಅಂದಳು. ಅದೇ ಕೊಂಡಿ! ಸೀಟು ಸಿಕ್ಕಿಸಿದ ಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ಅದರ ಪಕ್ಕ ನಾನು, ಮಗಳು ಕೂತರೆ ಅವಳ ಬೆಲ್ಟಿನ ಬಕಲ್ ನನ್ನ ಸೊಂಟದಡಿ ಮಾಯ. ಬ್ರೋಷರ್‌ನಲ್ಲಿ ಮಾತ್ರ 'ಐದು ಜನಕ್ಕೆ ಆರಾಮ'.

ಮಕ್ಕಳದ್ದೂ ತಪ್ಪಿಲ್ಲ ಅಂತಲ್ಲ. ಚಿಕ್ಕವನು ಹಾರ್ನ್ ಒತ್ತಿ ಒತ್ತಿ ಮೇಳದವರನ್ನೆಲ್ಲ ತಿರುಗಿ ನೋಡುವಂತೆ ಮಾಡಿದ. ಅರ್ಧ ಗಂಟೆಗೆ ಹಸಿವು, ರಂಪ. ಊಟ, ನಿದ್ದೆ ಆದ ಮೇಲೆ ಕರೆದುಕೊಂಡು ಹೋಗಬೇಕಿತ್ತು. ಅದು ನನ್ನ ತಪ್ಪು. ಆದರೆ ಪಕ್ಕದ ಕಾರಿನಲ್ಲಿ ಒಬ್ಬರು ಮಗುವನ್ನು ಸ್ಟೇರಿಂಗ್ ಮುಂದೆ ಕೂರಿಸಿಕೊಂಡೇ ಒಂದು ರೌಂಡ್ ಹೊಡೆದರು, ರೀಲ್ಸ್‌ಗೋಸ್ಕರ. ಏರ್‌ಬ್ಯಾಗ್ ಇರುವುದೂ ಅದೇ ಸ್ಟೇರಿಂಗ್ ಒಳಗೆ ಅಲ್ವಾ ಸ್ವಾಮಿ?

ಅವರ ರೂಟು ಕಡೂರು ರಸ್ತೆ. ನೇರ ಹೋಗಿ ವಾಪಸ್ಸು. ಅಲ್ಲಿ ಯಾವ ಕಾರಾದರೂ ಚೆನ್ನಾಗಿಯೇ ಓಡುತ್ತದೆ! ನಾವು ಬುಕ್ ಮಾಡಲಿಲ್ಲ. ಕೈಮರ ದಾಟಿ ಗಿರಿಯ ತಿರುವುಗಳಲ್ಲಿ ಓಡಿಸಲು ಕೊಡಿ, ಆಮೇಲೆ ಮಾತಾಡೋಣ ಅಂದೆವು. ಮ್ಯಾನೇಜರ್ ಸ್ವಲ್ಪ ರಾಗ ಎಳೆದು ಒಪ್ಪಿದರು. ಶನಿವಾರ, ಭಾನುವಾರ ಅಲ್ಲಿ ಪ್ರವಾಸಿಗರ ಸಾಲು, ಹಾಗಾಗಿ ಬುಧವಾರ ಸಂಜೆ, ಸ್ಕೂಲ್ ಬಿಟ್ಟ ಮೇಲೆ. ಮಗಳು ಈಗಲೇ ಫ್ರಿಜ್ಜಿನಿಂದ ಒಂದು ನಿಂಬೆಹಣ್ಣು ತೆಗೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಾಳೆ.